ಕವಿಗಳ ಪ್ರತಿಮೆಗಳೂ ನೆರೆನಾಡುಗಳ ಸೌಹಾರ್ದವೂ

ಕಲಾವಿದನು ನೆರೆಹೊರೆಯ ನಾಡುಗಳ ನಡುವೆ ಶಾಂತಿಯನ್ನುಂಟುಮಾಡಬಲ್ಲನೆಂಬ ಮಾತು ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅದು ಹೇಳುವವರಿಗೆ ಸುಲಭವಾದ ಮಾತು. ಕೇಳುವವರಿಗೂ ಹಿತವಾದ ಮಾತು. ಆದರೆ ಯಾವ ಕಲಾವಿದನು, ಯಾವ ಬಗೆಯಿಂದ, ಎಷ್ಟರಮಟ್ಟಿಗೆ ಎಂದು ವಿಚಾರಿಸಿದರೆ ಉತ್ತರವು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಈ ವಿಚಾರಣೆಗಾಗಿ ಬೆಂಗಳೂರಿನ ಪೂರ್ವಭಾಗದ ವಾಚಕರು ದೂರ ಹೋಗಬೇಕಾದುದಿಲ್ಲ. ಮಹದೇವಪುರದ ಕಡೆಯಿಂದ ಮೆಟ್ರೊ ರೈಲಿನಲ್ಲಿ ಹೊರಟು ಹಲಸೂರಿನಲ್ಲಿ ಇಳಿದವರಿಗೆ, ಅಲ್ಲಿಯ ಕೆರೆಯ ಸಮೀಪದಲ್ಲಿ ತಿರುವಳ್ಳುವರ್ ಕವಿಯ ಪ್ರತಿಮೆಯು ಕಾಣಸಿಗುವುದು. ಕವಿಯೊಬ್ಬನ ಹೆಸರು ಜಗಳಕ್ಕೂ ಸಂಧಾನಕ್ಕೂ ಹೇಗೆ ಕಾರಣವಾದೀತೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವಿಲ್ಲ.

ಈ ಭಾಗದಲ್ಲಿ ಕನ್ನಡವೂ ತಮಿಳೂ ನಿನ್ನೆ ಮೊನ್ನೆ ಸಂಧಿಸಿದ ಭಾಷೆಗಳಲ್ಲ. ಬೆಂಗಳೂರೆಂಬ ಹೆಸರನ್ನು ಹೊತ್ತಿರುವ ಬೇಗೂರಿನ ಹಳಗನ್ನಡ ಶಾಸನವು ಒಂಬತ್ತನೆಯ ಶತಮಾನದ ಕೊನೆಗೆ ಸೇರಿದುದು. ದೊಮ್ಮಲೂರಿನ ಚೊಕ್ಕನಾಥಸ್ವಾಮಿಯ ದೇವಾಲಯದಲ್ಲಿ ತಮಿಳು ಶಾಸನಗಳಿವೆ. ಒಂದೇ ನೆಲದ ಕಲ್ಲು ಎರಡು ಲಿಪಿಗಳನ್ನು ಹೊತ್ತು ಶತಮಾನಗಳನ್ನು ಕಳೆದಿದೆ. ದಂಡು ಪ್ರದೇಶವು ಬೆಳೆದ ಮೇಲೆ ಹಲಸೂರು, ಶಿವಾಜಿನಗರಗಳಲ್ಲಿ ತಮಿಳು ಮನೆಮಾತಾದ ಕುಟುಂಬಗಳು ಹೆಚ್ಚಿದುವು. ನೆರೆಯವರೊಡನೆ ಬಾಳುವ ಅಭ್ಯಾಸವು ಇಲ್ಲಿಯವರಿಗೆ ಹಳೆಯದು. ಆ ಬಾಳಿಗೆ ನಡುನಡುವೆ ಬಂದೊದಗಿದ ವಿಘ್ನವೂ ಹಳೆಯದೇ. ಆ ವಿಘ್ನಗಳಲ್ಲಿ ದೊಡ್ಡದು ಕಾವೇರಿಯ ನೀರಿನದು. 1892ರ ಮತ್ತು 1924ರ ಒಪ್ಪಂದಗಳಿಂದ ಮೊದಲಾದ ಆ ವ್ಯಾಜ್ಯವು, 1991ರಲ್ಲಿ ನ್ಯಾಯಮಂಡಲಿಯ ಮಧ್ಯಂತರ ಆಜ್ಞೆಯು ಹೊರಟ ಬಳಿಕ ಬೀದಿಗೆ ಇಳಿಯಿತು. ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಗಲಭೆಯನ್ನು ಹಿರಿಯರು ಇಂದಿಗೂ ಮರೆತಿಲ್ಲ.

ಬೆಂಗಳೂರು ತಮಿಳು ಸಂಘದವರ ಪ್ರಯತ್ನದಿಂದ ಹಲಸೂರಿನಲ್ಲಿ ವಳ್ಳುವರ್ ಪ್ರತಿಮೆಯು ನಿಂತುದು ಅದೇ 1991ರಲ್ಲಿ. ವಿರೋಧದ ಕಾರಣದಿಂದ ಅದರ ಅನಾವರಣವು ನಿಂತುಹೋಯಿತು. ಹದಿನೆಂಟು ವರ್ಷಗಳ ಕಾಲ ಕವಿಯು ಮುಸುಕಿನೊಳಗಿದ್ದನು. ಈ ನಡುವೆ ಇನ್ನೊಂದು ವೈಪರೀತ್ಯ ನಡೆಯಿತು. 2000ನೆಯ ಜುಲೈ 30ರಂದು ನಟಸಾರ್ವಭೌಮ ರಾಜಕುಮಾರರು ಗಾಜನೂರಿನಿಂದ ವೀರಪ್ಪನ್ ಎಂಬ ಕಾಡುಗಳ್ಳನಿಂದ ಅಪಹೃತರಾದರು. 108 ದಿನಗಳ ತರುವಾಯ ಬಿಡುಗಡೆ ಹೊಂದಿದರು. ಅಪಹರಣಕಾರನು ಮುಂದಿಟ್ಟ ಬೇಡಿಕೆಗಳಲ್ಲಿ ಈ ಪ್ರತಿಮೆಯ ಅನಾವರಣವೂ ಒಂದಾಗಿದ್ದಿತು. ಕನ್ನಡಿಗರ ಅಭಿಮಾನಕ್ಕೆ ಮೂರ್ತಿಯಂತಿದ್ದ ನಟನು ಹುಟ್ಟಿದ ಗಾಜನೂರು ಇಂದು ತಮಿಳುನಾಡಿಗೆ ಸೇರಿದ ಊರು. ಅಹಿಂಸೆಯನ್ನೂ ಸೈರಣೆಯನ್ನೂ ಬೋಧಿಸಿದ ಕವಿಯ ಗೌರವವನ್ನು ಕೇಳಿದವನು ಬಂದೂಕು ಹಿಡಿದವನು. ಕಲಾವಿದರ ಹೆಸರುಗಳು ಅವರ ಕೃತಿಗಳಿಂದ ಬೇರ್ಪಟ್ಟಾಗ ಎಂತಹ ಕೈಗಳಿಗಾದರೂ ಸಿಕ್ಕುವುವೆಂಬುದನ್ನು ಇದಕ್ಕಿಂತ ಕಠೋರವಾಗಿ ತಿಳಿಸುವ ಸಂಗತಿ ಮತ್ತೊಂದಿಲ್ಲ.

ಕೊನೆಗೆ 2009ನೆಯ ಆಗಸ್ಟ್ 9ರಂದು ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿಯವರು ಹಲಸೂರಿನಲ್ಲಿ ವಳ್ಳುವರ್ ಪ್ರತಿಮೆಯನ್ನು ಅನಾವರಣ ಮಾಡಿದರು. ಆಗಸ್ಟ್ 13ರಂದು ಕರ್ನಾಟಕದ ಮುಖ್ಯಮಂತ್ರಿ ಯಡಿಯೂರಪ್ಪನವರು ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯನ್ನು ಅನಾವರಣ ಮಾಡಿದರು. ನಾಲ್ಕು ದಿನಗಳ ಅಂತರದಲ್ಲಿ ಎರಡು ನಾಡುಗಳು ಒಂದರ ಕವಿಯನ್ನು ಮತ್ತೊಂದು ಮನ್ನಿಸಿದುವು.

ಇದರ ಬೆಲೆಯನ್ನು ಕಡಿಮೆಯಾಗಿ ಎಣಿಸಬಾರದು. ಮುಸುಕು ಹಾಕಿದ ಪ್ರತಿಮೆಯು ಪ್ರತಿಮೆಯಿಲ್ಲದಿರುವುದಕ್ಕಿಂತ ಹೆಚ್ಚಿನ ಅವಮಾನ. ಆ ಅವಮಾನವು ನೀಗಿದುದು ದೊಡ್ಡ ಲಾಭವೇ. ಆದರೆ ಅಲ್ಲಿಗೆ ಶಾಂತಿಯು ನೆಲೆಗೊಂಡಿತೆಂದು ಬಗೆದವರಿಗೆ 2016ನೆಯ ಸೆಪ್ಟೆಂಬರ್ 12ರಂದು ಉತ್ತರ ದೊರೆಯಿತು. ಅಂದು ಕಾವೇರಿಯ ಕಾರಣವಾಗಿ ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯ ಅನೇಕ ಬಸ್ಸುಗಳು ಸುಟ್ಟು ಬೂದಿಯಾದುವು. ಪ್ರತಿಮೆಯು ಇದ್ದ ಕಡೆಯೇ ಇದ್ದಿತು. ಆ ಬೆಂಕಿಯನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಕಂಚಾಗಲಿ ಕಲ್ಲಾಗಲಿ ಮಾತನಾಡಲಾರದು, ಮಾತನಾಡಬಲ್ಲುದು ಕಾವ್ಯ. ಹಾಗಾದರೆ ಎರಡು ನಾಡುಗಳು ವಿನಿಮಯ ಮಾಡಿಕೊಂಡುದು ಕವಿಗಳನ್ನೋ, ಅವರ ಆಕೃತಿಗಳನ್ನು ಮಾತ್ರವೋ?

ಕೃತಿಗಳನ್ನು ಬಿಚ್ಚಿ ನೋಡಿದವರಿಗೆ ಈ ಜೋಡಣೆಯು ಎಷ್ಟು ಒಪ್ಪುವುದೆಂಬುದು ಹೊಳೆಯದಿರದು. ಕುರಳ್ ಎರಡು ಪಂಕ್ತಿಗಳ ಪದ್ಯ. ಸರ್ವಜ್ಞನದು ಮೂರು ಪಂಕ್ತಿಗಳ ತ್ರಿಪದಿ. ಇಬ್ಬರೂ ಸಂಕ್ಷೇಪವನ್ನೇ ಶಕ್ತಿಯನ್ನಾಗಿ ಮಾಡಿಕೊಂಡವರು. ಆದರೆ ಸ್ವಭಾವದಲ್ಲಿ ಇಬ್ಬರೂ ಬೇರೆ. ವಳ್ಳುವರ್ 1330 ಕುರಳುಗಳನ್ನು 133 ಅಧಿಕಾರಗಳಲ್ಲಿ, ಅಧಿಕಾರಕ್ಕೆ ಹತ್ತರಂತೆ, ಧರ್ಮ, ಅರ್ಥ, ಕಾಮಗಳೆಂಬ ಮೂರು ಭಾಗಗಳಾಗಿ ಹೊಂದಿಸಿ ಒಂದು ಸೌಧವನ್ನೇ ಕಟ್ಟಿದನು. ಸರ್ವಜ್ಞನು ಊರೂರು ತಿರುಗಿ ಕಂಡುದನ್ನು ಕಂಡಲ್ಲಿಯೇ ನುಡಿದನು. ಅವನ ತ್ರಿಪದಿಗಳು ಜನರ ನಾಲಗೆಯಲ್ಲಿ ಉಳಿದು ಬಂದುವು. ಒಬ್ಬನದು ಪಂಡಿತನ ನೆಮ್ಮದಿ, ಮತ್ತೊಬ್ಬನದು ಜಂಗಮನ ನಿಷ್ಠುರತೆ. ಜಾತಿಯ ಹೆಮ್ಮೆಯನ್ನು ಸರ್ವಜ್ಞನು ಚುಚ್ಚಿ ಹೇಳಿದರೆ, ವಳ್ಳುವರ್ ತಿಳಿಯಹೇಳಿ ಒಪ್ಪಿಸುತ್ತಾನೆ.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶಗಳು ಎರಡುಂಟು. ಕುರಳಿನಲ್ಲಿ ದೇವಸ್ತುತಿಯ ತರುವಾಯ ಬರುವ ಎರಡನೆಯ ಅಧಿಕಾರವೇ ಮಳೆಯ ಮಹಿಮೆಯನ್ನು ಕುರಿತುದು. ಮಳೆಯಿಲ್ಲದೆ ಉಳುಮೆಯಿಲ್ಲ, ದಾನವಿಲ್ಲ, ಪೂಜೆಯೂ ಇಲ್ಲವೆಂಬುದು ಅದರ ಸಾರ. ಆ ಮಳೆಯು ಯಾವ ನಾಡಿನದೆಂದು ಕವಿಯು ಹೇಳುವುದಿಲ್ಲ. ಅಷ್ಟೇ ಅಲ್ಲ, ತಮಿಳರು ತಮ್ಮ ಭಾಷೆಯ ಕಿರೀಟವೆಂದು ಹೊತ್ತು ಮೆರೆಸುವ ಈ ಗ್ರಂಥದಲ್ಲಿ ತಮಿಳೆಂಬ ಶಬ್ದವು ಒಮ್ಮೆಯಾದರೂ ಬರುವುದಿಲ್ಲ. ನೀರಿಗಾಗಿ ಹೋರಾಡುತ್ತಿರುವ ಎರಡು ನಾಡುಗಳ ಮಧ್ಯದಲ್ಲಿ ನಿಲ್ಲಿಸುವುದಕ್ಕೆ ಇದಕ್ಕಿಂತ ಯೋಗ್ಯನಾದ ಕವಿಯನ್ನು ಹುಡುಕಿದರೂ ದೊರೆಯುತ್ತಿರಲಿಲ್ಲ. ದುರ್ದೈವವೆಂದರೆ, ಅವನ ಪ್ರತಿಮೆಯನ್ನು ವಿರೋಧಿಸಿದವರಲ್ಲಿಯೂ ಬಯಸಿದವರಲ್ಲಿಯೂ ಆ ಹತ್ತು ಕುರಳುಗಳನ್ನು ವಾದಕ್ಕೆ ತಂದವರು ವಿರಳ.

ಕವಿಗಳನ್ನು ನಿಜವಾಗಿ ಹೊಳೆ ದಾಟಿಸಿದವರು ಬೇರೆ ಜನ. ಕುರಳನ್ನು 1886ರಲ್ಲಿ ಇಂಗ್ಲಿಷಿಗೆ ತಂದ ಪಾದ್ರಿ ಜಿ. ಯು. ಪೋಪರು ಅದಕ್ಕೆ ಮುಂಚೆ ಕೆಲವು ವರ್ಷ ಬೆಂಗಳೂರು ದಂಡಿನ ಬಿಷಪ್ ಕಾಟನ್ ಶಾಲೆಯ ಮುಖ್ಯಸ್ಥರಾಗಿದ್ದರು. 'ಕರ್ನಾಟಕ ಕವಿಚರಿತೆ'ಯ ಆರ್. ನರಸಿಂಹಾಚಾರ್ಯರು ಸುಮಾರು 1910ರಲ್ಲಿ ಆಯ್ದ ಕುರಳುಗಳನ್ನು 'ನೀತಿಮಂಜರಿ' ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಚದರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದವರು ಉತ್ತಂಗಿ ಚನ್ನಪ್ಪನವರೆಂಬ ಕ್ರೈಸ್ತ ಪಾದ್ರಿಗಳು. ಇವರಲ್ಲಿ ಯಾರೂ ಶಾಂತಿಯ ಹೆಸರಿನಲ್ಲಿ ಸಭೆ ಕೂಡಿಸಿದವರಲ್ಲ. ಪರರ ಮಾತನ್ನು ಶ್ರದ್ಧೆಯಿಂದ ಕಲಿತರು, ಅದರ ಅರ್ಥವನ್ನು ಕೆಡಿಸದೆ ಮುಟ್ಟಿಸಿದರು. ನೆರೆಯವನ ಭಾಷೆಯನ್ನು ಕಲಿಯುವ ಶ್ರಮವೇ ನೆರೆಯವನಿಗೆ ಸಲ್ಲುವ ಮೊದಲನೆಯ ಮರ್ಯಾದೆ.

ಆ ಶ್ರಮದ ಪೂರ್ಣಫಲವನ್ನು ಕನ್ನಡ ಸಾಹಿತ್ಯವೇ ಉಂಡಿದೆ. ಮಹದೇವಪುರದಿಂದ ಪೂರ್ವಕ್ಕೆ ಹೊಸಕೋಟೆಯನ್ನು ದಾಟಿದರೆ ಮಾಲೂರು ಸೀಮೆ. ಅಲ್ಲಿಯ ಮಾಸ್ತಿ ಗ್ರಾಮದವರಾದ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಕೈಲಾಸಂ, ಪು. ತಿ. ನ. ಅವರ ಮನೆಗಳಲ್ಲಿಯೂ ಅದೇ ಮಾತು. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. ಕನ್ನಡದ ಸಣ್ಣಕಥೆ, ನಾಟಕ, ಭಾವಗೀತೆಗಳಿಂದ ಇವರನ್ನು ತೆಗೆದುಹಾಕಿದರೆ ಉಳಿಯುವುದೇನು? ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿಯು ಬಂದಾಗ ಅದು ಪರಭಾಷಿಕನಿಗೆ ಬಂದಿತೆಂದು ಯಾವ ಕನ್ನಡಿಗನೂ ಭಾವಿಸಲಿಲ್ಲ. ಕಲೆಯು ಮಾಡಬಲ್ಲ ಸಂಧಾನವು ಇದು: ಇಬ್ಬರನ್ನು ಕೈಕುಲುಕಿಸುವುದಲ್ಲ, ಇಬ್ಬರೆಂಬುದನ್ನೇ ಮರೆಸುವುದು.

ಆದರೆ ಕಲಾವಿದನು ತನ್ನ ಕಲೆಯನ್ನು ಬದಿಗಿಟ್ಟು ವೇದಿಕೆಯನ್ನೇರಿದಾಗ ಫಲವು ಬೇರೆಯಾಗುವುದುಂಟು. 2002ರ ಅಕ್ಟೋಬರಿನಲ್ಲಿ ಕಾವೇರಿಗಾಗಿ ತಮಿಳು ಚಿತ್ರರಂಗದವರು ನೈವೇಲಿಯಲ್ಲಿ ಮೆರವಣಿಗೆ ನಡೆಸಿದರು; ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ರಜನೀಕಾಂತರು ಚೆನ್ನೈಯಲ್ಲಿ ಉಪವಾಸ ಕುಳಿತರು. 2017ರಲ್ಲಿ ನಟ ಸತ್ಯರಾಜರು ಎಷ್ಟೋ ವರ್ಷಗಳ ಹಿಂದಿನ ತಮ್ಮ ಮಾತಿಗೆ ವಿಷಾದ ಸೂಚಿಸಿದ ಮೇಲೆಯೇ 'ಬಾಹುಬಲಿ'ಯ ಎರಡನೆಯ ಭಾಗಕ್ಕೆ ಇಲ್ಲಿ ದಾರಿ ತೆರೆಯಿತು. 2025ರಲ್ಲಿ ಕನ್ನಡವು ತಮಿಳಿನಿಂದ ಹುಟ್ಟಿತೆಂದು ಕಮಲಹಾಸನರು ಆಡಿದ ಮಾತಿನಿಂದ ಅವರ ಚಿತ್ರವು ಜೂನ್ 5ರಂದು ಕರ್ನಾಟಕದಲ್ಲಿ ತೆರೆಕಾಣದೆ, ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕನ್ನಡ, ತಮಿಳು ಎರಡೂ ಒಂದು ಮೂಲದಿಂದ ಕವಲೊಡೆದ ಸೋದರ ಭಾಷೆಗಳೆಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಒಂದು ಮತ್ತೊಂದರ ಮಗಳಲ್ಲ. ಅಕ್ಕರೆಯಿಂದ ಆಡಿದ ಮಾತಾದರೂ ತಪ್ಪು ತಪ್ಪೇ. ಹಾಗೆಯೇ, ತಪ್ಪಾದ ಮಾತಿಗೆ ಸರಿಯಾದ ಮಾತೇ ಉತ್ತರವಲ್ಲದೆ ಬೆದರಿಕೆಯು ಉತ್ತರವಾಗಲಾರದು. ಚಿತ್ರನಟನಿಗೆ ಜನರ ಮೇಲಿರುವ ಹಿಡಿತವು ದೊಡ್ಡದು; ಅದೇ ಅಳತೆಯಲ್ಲಿ ಅವನ ಹೊಣೆಯೂ ದೊಡ್ಡದು.

ರಾಜ್ಯಗಳ ಗಡಿಯನ್ನು ಬಿಟ್ಟು ರಾಷ್ಟ್ರಗಳ ಗಡಿಗೆ ಹೋದರೂ ಪಾಠವು ಇದೇ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಉತ್ತರದಿಂದ ಬಂದು ಮಿರಜಿನಲ್ಲಿ ನೆಲೆಸಿದವರು. ತ್ಯಾಗರಾಜರ ಕೀರ್ತನೆಯನ್ನು ಹಾಡಿ ಧ್ವನಿಮುದ್ರಣ ಮಾಡಿಸಿದವರು. ಅವರ ವಿದ್ಯೆಯು ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್ಲರಿಗೂ ಗದಗಿನ ಭೀಮಸೇನ ಜೋಶಿಯವರಿಗೂ ಇಳಿಯಿತು. ಅವರ ಇನ್ನೊಬ್ಬ ಶಿಷ್ಯೆ ರೋಶನಾರಾ ಬೇಗಮರು ದೇಶವಿಭಜನೆಯ ತರುವಾಯ ಪಾಕಿಸ್ತಾನಕ್ಕೆ ಹೋದರು. 1965ರಲ್ಲಿಯೂ 1971ರಲ್ಲಿಯೂ ಎರಡು ದೇಶಗಳು ಯುದ್ಧಮಾಡಿದುವು. ಸಂಗೀತವು ಆ ಯುದ್ಧಗಳನ್ನು ನಿಲ್ಲಿಸಲಿಲ್ಲ. ಆದರೆ ಹುಬ್ಬಳ್ಳಿಯಲ್ಲಿ ಹಾಡಿದ ಸ್ವರಕ್ಕೂ ಲಾಹೋರಿನಲ್ಲಿ ಹಾಡಿದ ಸ್ವರಕ್ಕೂ ಇದ್ದ ಗುರುಸಂಬಂಧವನ್ನು ಯುದ್ಧಗಳೂ ಕಡಿಯಲಾರದೆ ಹೋದುವು.

ಆದುದರಿಂದ ಕಲೆಯ ಮೇಲೆ ಅದು ಹೊರಲಾರದ ಭಾರವನ್ನು ಹೊರಿಸಬಾರದು. 2018ರ ಫೆಬ್ರುವರಿ 16ರಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿಗೆ ಬಿಳಿಗುಂಡ್ಲುವಿನಲ್ಲಿ ಸಲ್ಲಬೇಕಾದ ನೀರು 177.25 ಟಿ.ಎಂ.ಸಿ. ಎಂದು ಗೊತ್ತುಮಾಡಿತು. ಈ ಅಂಕಿಯನ್ನು ಯಾವ ಕವಿಯೂ ಹೇಳಲಾರನು. ಅದು ನ್ಯಾಯಾಧೀಶರ, ಎಂಜಿನಿಯರುಗಳ ಕೆಲಸ. ಆದರೆ ಮಳೆ ಕಡಿಮೆಯಾದ ವರ್ಷದಲ್ಲಿ ಅಂಥ ತೀರ್ಪನ್ನು ಕೇಳಿದ ಮನುಷ್ಯನು ನೆರೆಯವನ ಬಸ್ಸಿಗೆ ಬೆಂಕಿ ಇಡುವನೋ, ಮೇಲ್ಮನವಿ ಬರೆಯುವನೋ ಎಂಬುದು ಅವನ ಮನಸ್ಸಿನ ಸಂಸ್ಕಾರವನ್ನು ಅವಲಂಬಿಸಿದೆ. ಆ ಸಂಸ್ಕಾರವು ಒಂದು ದಿನದ ಅನಾವರಣದಿಂದ ಬರತಕ್ಕುದಲ್ಲ. ಹಲಸೂರಿನ ಶಾಲೆಯಲ್ಲಿ ಕನ್ನಡದ ಹುಡುಗನು ಹತ್ತು ಕುರಳುಗಳನ್ನೂ, ಅಯನಾವರದ ಶಾಲೆಯಲ್ಲಿ ತಮಿಳು ಹುಡುಗಿಯು ಹತ್ತು ತ್ರಿಪದಿಗಳನ್ನೂ ಅರ್ಥಸಹಿತವಾಗಿ ಕಲಿತರೆ, 2009ರಲ್ಲಿ ಆರಂಭವಾದ ಕೆಲಸವು ಮುಂದುವರಿಯುವುದು. ಪ್ರತಿಮೆಯ ಮುಸುಕನ್ನು ತೆಗೆಯುವ ಕೆಲಸವು ಸರ್ಕಾರಗಳಿಂದ ಆಗಿದೆ. ಪುಸ್ತಕದ ಮುಸುಕನ್ನು ತೆಗೆಯುವ ಕೆಲಸವು ಓದುಬರಹ ಬಲ್ಲ ಮನೆಗಳಿಗೆ ಉಳಿದಿದೆ.