ಹನ್ನೊಂದನೇ ಆರೋಪಿಯ ವಕೀಲ

ಕೊಲೆ ಕೇಸಿನ ದೋಷಾರೋಪ ಪಟ್ಟಿಯಲ್ಲಿ ಆರೋಪಿಯ ಮೊಬೈಲಿನ ಟವರ್ ಲೊಕೇಶನ್ ‘ಪಂಪ್‌ವೆಲ್’ ಎಂದಿದ್ದರೆ ಅದರಿಂದ ಸಾಬೀತಾಗುವುದು ಏನು? ತಲಪಾಡಿ, ತೊಕ್ಕೊಟ್ಟು ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 66, ಬಿ.ಸಿ. ರೋಡು, ಪಡೀಲಿನಿಂದ ಬರುವ ಹೆದ್ದಾರಿ 73, ಕಂಕನಾಡಿಯಿಂದ ಇಳಿಯುವ ಪೇಟೆಯ ರಸ್ತೆ, ಮೂರೂ ಕೂಡುವುದು ಇಲ್ಲಿ. ಕಾಸರಗೋಡಿನಿಂದ ಆಸ್ಪತ್ರೆಗೆ ಬಂದ ರೋಗಿ, ಕಾಲೇಜಿಗೆ ಹೊರಟ ಹುಡುಗಿ, ಬೆಂಗಳೂರು ಬಸ್ಸಿಗೆ ಕಾಯುವವರು, ಮಚ್ಚು ಹಿಡಿದು ಹೊರಟವನು, ಎಲ್ಲರ ಫೋನೂ ಅದೇ ಟವರಿಗೆ ಸಿಗುತ್ತದೆ. ಮಂಗಳೂರಿನ ಯಾರಿಗೂ ಇದು ಹೊಸ ಸಂಗತಿಯಲ್ಲ. ಆದರೆ ನ್ಯಾಯಾಧೀಶರು ತಮಗೆ ಗೊತ್ತಿದ್ದುದರ ಮೇಲೆ ತೀರ್ಪು ಬರೆಯುವ ಹಾಗಿಲ್ಲ. ತನಿಖಾಧಿಕಾರಿಯನ್ನು ಕಟಕಟೆಯಲ್ಲಿ ನಿಲ್ಲಿಸಿ, ಆ ಟವರಿನ ವ್ಯಾಪ್ತಿ ಎಷ್ಟು, ಆ ಹೊತ್ತಿನಲ್ಲಿ ಅಲ್ಲಿದ್ದ ಬೇರೆ ಫೋನುಗಳನ್ನು ಪರಿಶೀಲಿಸಿದಿರಾ, ಕರೆ ವಿವರದ ಪ್ರತಿಗೆ ಕಾನೂನು ಕೇಳುವ ಪ್ರಮಾಣಪತ್ರ ಎಲ್ಲಿ ಎಂದು ಯಾರಾದರೂ ಕೇಳಿದರೆ ಮಾತ್ರ ಅದು ದಾಖಲೆಗೆ ಬರುತ್ತದೆ. ಆ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪಿನಲ್ಲಿ ಖಚಿತಪಡಿಸಿದೆ. ಹಾಗಿದ್ದರೂ ಅದನ್ನು ಕೇಳುವವರೊಬ್ಬರು ಬೇಕು.

ಸಂಘಟಿತ ಅಪರಾಧದ ಕೇಸುಗಳಲ್ಲಿ ಆರೋಪಿ ಪರ ವಕೀಲರ ಕೆಲಸವನ್ನು ನಾವು ಅಳೆಯುತ್ತಿರುವ ರೀತಿಯೇ ತಪ್ಪು ಎಂಬುದು ನನ್ನ ವಾದ. ಎಷ್ಟು ಜನರನ್ನು ಬಿಡಿಸಿದರು, ಎಷ್ಟು ದೊಡ್ಡ ಹೆಸರಿನವರಿಗೆ ವಕಾಲತ್ತು ಹಾಕಿದರು ಎಂದು ಲೆಕ್ಕ ಹಾಕುತ್ತೇವೆ. ಪತ್ರಿಕೆಗಳೂ ಒಂದನೇ ಆರೋಪಿಯ ವಕೀಲರ ಫೋಟೊ ಹಾಕುತ್ತವೆ. ಆದರೆ ಆ ಕೆಲಸದ ಗುಣ ಕಾಣುವುದು ಪಟ್ಟಿಯ ಕೆಳಗಿನ ಹೆಸರುಗಳಲ್ಲಿ. ಬೈಕ್ ಕೊಟ್ಟವನು, ಸಿಮ್ ತೆಗೆಸಿಕೊಟ್ಟವನು, ಒಂದು ರಾತ್ರಿ ಮಲಗಲು ಜಾಗ ಕೊಟ್ಟವನು ಇರುವುದು ಅಲ್ಲಿ.

ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಅಧಿನಿಯಮ, ಅಂದರೆ ಪತ್ರಿಕೆಗಳ ‘ಕೋಕಾ’, ರೂಪುಗೊಂಡದ್ದು ಮಹಾರಾಷ್ಟ್ರದ 1999ರ ಮೋಕಾ ಕಾಯ್ದೆಯ ಮಾದರಿಯಲ್ಲಿ. ಹತ್ತು ವರ್ಷಗಳ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿಗಳಿರಬೇಕು, ಹಿರಿಯ ಪೊಲೀಸ್ ಅಧಿಕಾರಿಯ ಪೂರ್ವಾನುಮತಿ ಬೇಕು ಎಂಬಂಥ ಬೇಲಿಗಳು ಅದರಲ್ಲಿವೆ. ಬೇಲಿ ದಾಟಿ ಒಳಗೆ ಬಿದ್ದವನಿಗೆ ಮಾತ್ರ ಜಾಮೀನು ಬಹಳ ಕಷ್ಟ. ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತದೆ. ಗ್ಯಾಂಗಿಗೆ ನೆರವಾಗುವವನೆಂದು ತಿಳಿದಿದ್ದರೂ, ಅಥವಾ ಹಾಗೆ ನಂಬಲು ಕಾರಣವಿದ್ದರೂ, ಅವನೊಡನೆ ಸಂಪರ್ಕ ಇಟ್ಟುಕೊಂಡರೆ ಅದೇ ದುಷ್ಪ್ರೇರಣೆ. ಇಡೀ ಕೇಸು ನಿಲ್ಲುವುದು ‘ತಿಳಿದಿತ್ತೇ?’ ಎಂಬ ಒಂದು ಪ್ರಶ್ನೆಯ ಮೇಲೆ.

2022ರ ನವೆಂಬರ್ 19ರ ಸಂಜೆ ಪಂಪ್‌ವೆಲ್‌ಗೆ ಹತ್ತಿರದ ನಾಗುರಿಯಲ್ಲಿ ಆಟೋ ಒಂದರೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿತು. ಪ್ರಯಾಣಿಕನ ಜೊತೆಗೆ ಆಟೋ ಚಾಲಕರಿಗೂ ಸುಟ್ಟ ಗಾಯಗಳಾದವು. ತಾವು ಕೂರಿಸಿಕೊಂಡವನ ಚೀಲದಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರ ಗಾಯಗಳನ್ನು ಊರೆಲ್ಲ ನೋಡಿತ್ತು, ಆದ್ದರಿಂದ ಅವರ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಅಂದು ಚೀಲ ಸಿಡಿಯದೆ, ಪ್ರಯಾಣಿಕ ಇಳಿದುಹೋಗಿ, ತಿಂಗಳ ಮೇಲೆ ಬೇರೆಲ್ಲೋ ಸಿಕ್ಕಿಬಿದ್ದು, ಅವನ ಫೋನಿನಲ್ಲಿ ಈ ಚಾಲಕರ ನಂಬರು ಇದ್ದಿದ್ದರೆ ಅವರಿಗೆ ಎಂಥ ವಕೀಲರು ಬೇಕಾಗುತ್ತಿತ್ತು ಎಂದು ಯೋಚಿಸಿದಾಗ ಈ ವೃತ್ತಿಯ ಬೆಲೆ ತಿಳಿಯುತ್ತದೆ.

ಗೌರಿ ಲಂಕೇಶ್ ಹತ್ಯೆಯ ಪ್ರಕರಣ ಈ ಮಾತಿಗೆ ಸ್ಪಷ್ಟ ಉದಾಹರಣೆ. ಅವರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ನೋವು ಈ ನಾಡಿನಿಂದ ಇನ್ನೂ ಹೋಗಿಲ್ಲ, ಹೋಗಲೂಬಾರದು. ತನಿಖೆಯ ತಂಡ ಕೋಕಾ ಹಾಕಿತು. ಪಟ್ಟಿಯಲ್ಲಿನ ಹನ್ನೊಂದನೇ ಆರೋಪಿ ನಮ್ಮ ಕಡೆಯವರು, ಸಂಪಾಜೆಯವರು. ಚಿಕಿತ್ಸಾಲಯ ನಡೆಸುವ ನೆಪದಲ್ಲಿ ಕುಂಬಳಗೋಡಿನಲ್ಲಿ ಮನೆ ಬಾಡಿಗೆಗೆ ಹಿಡಿದು ಸಂಚುಗಾರರಿಗೆ ಆಶ್ರಯ ಕೊಟ್ಟರು ಎಂಬುದು ಅವರ ಮೇಲಿನ ಆಪಾದನೆ. ಇಂಥ ಹಿಂದಿನ ಕೇಸುಗಳೇ ಇಲ್ಲದ ವ್ಯಕ್ತಿಗೆ ಕೋಕಾ ಹೇಗೆ ಅನ್ವಯಿಸುತ್ತದೆ ಎಂದು ಅವರ ವಕೀಲರು ಪ್ರಶ್ನಿಸಿದರು. 2021ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಒಪ್ಪಿ, ಅವರ ಮಟ್ಟಿಗೆ ಕೋಕಾ ಆರೋಪ ರದ್ದುಮಾಡಿತು. ಗೌರಿಯವರ ತಂಗಿ ಕವಿತಾ ಲಂಕೇಶ್ ಸುಪ್ರೀಂ ಕೋರ್ಟಿಗೆ ಹೋದರು. ಪೂರ್ವಾನುಮತಿ ಅಪರಾಧದ ಮಾಹಿತಿಗೆ ಸಂಬಂಧಿಸಿದ್ದು, ಒಬ್ಬೊಬ್ಬ ವ್ಯಕ್ತಿಗೆ ಬೇರೆಬೇರೆಯಾಗಿ ಬೇಕಿಲ್ಲ, ಆಶ್ರಯ ಕೊಟ್ಟವನ ಮೇಲೆ ಹಿಂದಿನ ಕೇಸುಗಳೂ ಇರಬೇಕಾಗಿಲ್ಲ ಎಂದು ಆ ನ್ಯಾಯಾಲಯ 2021ರ ಅಕ್ಟೋಬರ್ 21ರಂದು ಹೇಳಿ ಹೈಕೋರ್ಟ್ ಆದೇಶವನ್ನು ತೆಗೆದುಹಾಕಿತು.

ಸೋಲು–ಗೆಲುವಿನ ಲೆಕ್ಕದಲ್ಲಿ ಹನ್ನೊಂದನೇ ಆರೋಪಿಯ ವಕೀಲರು ಅಲ್ಲಿ ಸೋತರು. ಆದರೂ ಈ ಕಾಯ್ದೆಯ ಮೇಲೆ ಕರ್ನಾಟಕದಲ್ಲಿ ನಡೆದ ಒಳ್ಳೆಯ ವಕೀಲಿಕೆಗಳಲ್ಲಿ ಇದೊಂದು ಎಂದು ನಾನು ಎಣಿಸುತ್ತೇನೆ. ಎರಡೂ ಕಡೆಯವರು ಕಾಯ್ದೆಯ ಪದಗಳನ್ನು ಹಿಡಿದು ಹೋರಾಡಿದರು. ಕೊಲೆಯಾದವರ ಮನೆಯವರ ವಾದ ಮೇಲಿನ ಕೋರ್ಟಿನಲ್ಲಿ ನಿಂತಿತು. ಕೋಕಾದ ಅರ್ಥ ಎಲ್ಲರಿಗೂ ತಿಳಿಯಾಯಿತು. ಮುಂದೆ, 2023ರ ಡಿಸೆಂಬರ್‌ನಲ್ಲಿ, ಅದೇ ಆರೋಪಿಗೆ ಹೈಕೋರ್ಟ್ ಜಾಮೀನು ಕೊಟ್ಟಿತು. 527 ಸಾಕ್ಷಿಗಳ ಪೈಕಿ ಆಗ ವಿಚಾರಣೆಯಾಗಿದ್ದದ್ದು 90 ಮಂದಿಯದು. ವಿಚಾರಣೆ ತಡವಾದರೆ ಸಂತ್ರಸ್ತರ ಮನೆಗೂ ಅನ್ಯಾಯ, ಜೈಲಿನಲ್ಲಿರುವವನಿಗೂ ಅನ್ಯಾಯ. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನಮ್ಮ ಚರ್ಚೆಗಳಲ್ಲಿ ಕಡಿಮೆ.

ತಪ್ಪೊಪ್ಪಿಗೆಯ ವಿಷಯಕ್ಕೆ ಬರುತ್ತೇನೆ. ಯಾವ ಭಾಷೆಯಲ್ಲಿ ಪ್ರಶ್ನಿಸಿದರೋ ಅದೇ ಭಾಷೆಯಲ್ಲಿ, ಆರೋಪಿ ಹೇಳಿದ ಹಾಗೆಯೇ ಬರೆದುಕೊಳ್ಳಬೇಕು ಎನ್ನುತ್ತದೆ ಕೋಕಾ. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಮಾತು. ಮನೆಯಲ್ಲಿ ತುಳು ಅಥವಾ ಬ್ಯಾರಿ ಆಡುವ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗನೊಬ್ಬನ ಹೇಳಿಕೆ ‘ಸದರಿ ಆರೋಪಿಯೊಂದಿಗೆ ಸಮಾನ ಉದ್ದೇಶ ಹೊಂದಿ’ ಎಂಬ ಕಚೇರಿ ಕನ್ನಡದಲ್ಲಿ ಬಂದರೆ ವಕೀಲರಾದವರು ಅಲ್ಲೇ ನಿಲ್ಲಬೇಕು. ಪ್ರಶ್ನೆ ಕೇಳಿದ್ದು ಯಾವ ಭಾಷೆಯಲ್ಲಿ? ಹೇಳಿಕೆ ಕೊಡುವ ಹೊಣೆ ನಿನಗಿಲ್ಲ ಎಂದು ಅವನಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿದ್ದು ಯಾರು? ಇದಕ್ಕೆ ಕಾನೂನಿನ ಪಾಂಡಿತ್ಯ ಬೇಕಿಲ್ಲ. ಕಕ್ಷಿದಾರನ ಜೊತೆ ಕೂತು ಅವನ ಮಾತಿನಲ್ಲಿ ಮಾತಾಡಿದ ವಕೀಲರಿಗೆ ತಾನಾಗಿ ಹೊಳೆಯುತ್ತದೆ.

ನಮ್ಮಲ್ಲಿ ಕೊರತೆ ಇರುವುದೇ ಅಲ್ಲಿ. ಗ್ಯಾಂಗ್ ಕೇಸಿನಲ್ಲಿ ಹತ್ತೋ ಹನ್ನೆರಡೋ ಆರೋಪಿಗಳಿದ್ದಾಗ ಒಬ್ಬರೇ ವಕೀಲರು ಎಲ್ಲರಿಗೂ ವಕಾಲತ್ತು ಹಾಕುವ ರೂಢಿಯಿದೆ. ಫೀಸು ಬರುವುದು ಮೇಲಿನವನ ಕಡೆಯಿಂದ. ಕೆಳಗಿನವನ ತಾಯಿಗೆ ಅದೇ ದೊಡ್ಡ ಉಪಕಾರವಾಗಿ ಕಾಣುತ್ತದೆ. ಆದರೆ ‘ಆ ಮನೆ ಬಾಡಿಗೆಗೆ ಹಿಡಿ ಎಂದವರು ಯಾರು, ಏನೆಂದು ಹೇಳಿ ಹಿಡಿಸಿದರು?’ ಎಂಬ ಪ್ರಶ್ನೆಯನ್ನು ಆ ವಕೀಲರು ಕೇಳಲಾರರು. ಉತ್ತರ ಒಂದನೇ ಆರೋಪಿಯ ಕಡೆ ಹೋಗುತ್ತದೆ. ಮಾಫಿ ಸಾಕ್ಷಿಯಾಗುವ ದಾರಿಯಿದೆ ಎಂದು ಹುಡುಗನಿಗೆ ತಿಳಿಸುವುದೂ ಅವರಿಂದಾಗದು. ಹೀಗೆ ಕೆಳಗಿನವನಿಗೆ ವಕೀಲರಿದ್ದೂ ಇಲ್ಲ. ಇದನ್ನು ವೃತ್ತಿಯ ಸಣ್ಣ ಲೋಪವೆಂದು ನಾನು ತಳ್ಳಿಹಾಕಲಾರೆ. ಗ್ಯಾಂಗು ತನ್ನ ಹುಡುಗರನ್ನು ಕೋರ್ಟಿನೊಳಗೂ ಹಿಡಿದಿಟ್ಟುಕೊಳ್ಳುವುದು ಇದರಿಂದಲೇ.

ಇಂಗ್ಲೆಂಡಿನಲ್ಲಿ ಕಕ್ಷಿದಾರನನ್ನೂ ಹಣದ ವ್ಯವಹಾರವನ್ನೂ ನೋಡಿಕೊಳ್ಳುವುದು ಸಾಮಾನ್ಯವಾಗಿ ಸಾಲಿಸಿಟರ್, ಕೋರ್ಟಿನಲ್ಲಿ ವಾದಿಸುವುದು ಬ್ಯಾರಿಸ್ಟರ್. ಸರದಿಯಲ್ಲಿ ಬಂದ ಕೇಸನ್ನು ಕಕ್ಷಿದಾರ ಇಷ್ಟವಿಲ್ಲವೆಂದು ಬ್ಯಾರಿಸ್ಟರ್ ತಳ್ಳುವಂತಿಲ್ಲ. ಕಕ್ಷಿದಾರನಿಗೂ ವಾದಿಗೂ ನಡುವೆ ಒಂದು ಅಂತರ ಅಲ್ಲಿನ ವ್ಯವಸ್ಥೆಯಲ್ಲೇ ಇದೆ. ನಮ್ಮಲ್ಲಿ ಮನೆಯವರನ್ನು ಸಮಾಧಾನಪಡಿಸುವುದು, ಫೀಸು ಮಾತಾಡುವುದು, ಕೊಡಿಯಾಲ್‌ಬೈಲ್ ಜೈಲಿಗೆ ಹೋಗಿ ಬರುವುದು, ಪಾಟೀಸವಾಲು, ಎಲ್ಲವೂ ಒಬ್ಬರ ತಲೆಯ ಮೇಲೆ. ಅಂತರವನ್ನು ಅವರೇ ದಿನದಿನ ಕಟ್ಟಿಕೊಳ್ಳಬೇಕು.

ಸಾಕ್ಷಿಗಳು ಪ್ರತಿಕೂಲವಾಗಿ ಬಿದ್ದುಹೋದ ಕೇಸನ್ನು ವಕೀಲರ ಗೆಲುವೆಂದು ಹೊಗಳುವುದನ್ನೂ ನಿಲ್ಲಿಸಬೇಕು. ಪಂಚನೊಬ್ಬ ಹೆದರಿ ‘ಮಹಜರು ಗೊತ್ತಿಲ್ಲ, ಠಾಣೆಯಲ್ಲಿ ಸಹಿ ಹಾಕಿಸಿಕೊಂಡರು’ ಎಂದಾಗ ಅಲ್ಲಿ ವಕೀಲಿಕೆ ನಡೆದಿಲ್ಲ. ಸಾಕ್ಷಿ ಸಂರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿಗೆ ಕೊಟ್ಟಿದ್ದರೂ ಸಾಕ್ಷಿಯ ಭಯ ಹೋಗಿಲ್ಲ. ಭಯ ಆರೋಪಿಗಳಿಗೂ ಇದೆ. 2015ರ ನವೆಂಬರ್ 2ರಂದು ಮಂಗಳೂರು ಜೈಲಿನೊಳಗೇ ಇಬ್ಬರು ವಿಚಾರಣಾಧೀನ ಕೈದಿಗಳ ಕೊಲೆಯಾಯಿತು.

ಭಯ ವಕೀಲರನ್ನೂ ಬಿಟ್ಟಿಲ್ಲ. ಪಂಪ್‌ವೆಲ್‌ಗೆ ದೂರವಲ್ಲದ ಫಳ್ನೀರಿನಲ್ಲಿ 2009ರ ಏಪ್ರಿಲ್ 9ರ ರಾತ್ರಿ ಯುವ ವಕೀಲ ನೌಷಾದ್ ಕಾಶಿಂಜಿ ಅವರನ್ನು ಗುಂಡಿಟ್ಟು ಕೊಂದರು. ಛೋಟಾ ಶಕೀಲ್ ಬಣದವನೆಂದು ಪೊಲೀಸರು ಹೇಳಿದ್ದ ರಶೀದ್ ಮಲಬಾರಿಯ ಪರ ಅವರು ವಕಾಲತ್ತು ವಹಿಸಿದ್ದರು. ಕೊಲೆಯ ಹಿಂದೆ ರವಿ ಪೂಜಾರಿ ಗ್ಯಾಂಗಿನ ಕೈಯಿದೆ ಎಂದು ತನಿಖೆ ಹೇಳಿತು. ‘ಅಂಥವರ ಕೇಸು ಹಿಡಿದರೆ ಹೀಗೇ ಆಗುವುದು’ ಎಂಬ ಮಾತು ಇಂಥ ಸಾವಿನ ಬೆನ್ನಿಗೇ ಬರುತ್ತದೆ, ಅದು ಅಪಾರ ಅನ್ಯಾಯದ ಮಾತು. ಆರೋಪಿ ತಪ್ಪಿತಸ್ಥನೆಂದು ತನಗೆ ಅನ್ನಿಸಿದರೂ ಅವನ ಪರ ವಾದಿಸುವ ಕೆಲಸವನ್ನು ವಕೀಲರ ಮೇಲೆ ಹೊರಿಸಿದ್ದು ಬಾರ್ ಕೌನ್ಸಿಲ್ ನಿಯಮ. ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕನ್ನು ಬಂಧಿತನಿಗೆ ಕೊಟ್ಟದ್ದು ಸಂವಿಧಾನದ 22ನೇ ವಿಧಿ. ನೌಷಾದ್ ಮಾಡುತ್ತಿದ್ದದ್ದು ಆ ಕೆಲಸ. ವಕೀಲರ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ ಪ್ರತ್ಯೇಕ ವಿಧೇಯಕ ಅಂಗೀಕಾರವಾದದ್ದು 2023ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ, ಅವರು ಹೋಗಿ ಹದಿನಾಲ್ಕು ವರ್ಷಗಳ ಮೇಲೆ.

ವಕೀಲರ ಸಂಘಗಳೂ ಈ ಧರ್ಮವನ್ನು ಕೆಲವೊಮ್ಮೆ ಮರೆತಿವೆ. 2020ರಲ್ಲಿ ಹುಬ್ಬಳ್ಳಿಯ ಸಂಘ, ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ನಿಲ್ಲಬಾರದೆಂದು ನಿರ್ಣಯ ಮಾಡಿ ಹೈಕೋರ್ಟಿನಿಂದ ಮಾತು ಕೇಳಬೇಕಾಯಿತು. ಇಂಥ ನಿರ್ಣಯಗಳು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಬಂದಿದೆ. ಸಂಘಟಿತ ಅಪರಾಧ ಈಗ ದೇಶದ ಸಾಮಾನ್ಯ ದಂಡಸಂಹಿತೆಯೊಳಗೇ ಸೇರಿದೆ. ಕೋಕಾದ ಕಠಿಣ ಜಾಮೀನು ಷರತ್ತು, ಪೊಲೀಸರೆದುರಿನ ತಪ್ಪೊಪ್ಪಿಗೆ ಇದರಲ್ಲಿಲ್ಲ. ಹಿರಿಯ ಅಧಿಕಾರಿಯ ಪೂರ್ವಾನುಮತಿ ಎಂಬ ಬೇಲಿಯೂ ಇಲ್ಲ. ಯಾವ ಠಾಣೆಯಲ್ಲಾದರೂ ಎಫ್‌ಐಆರಿಗೆ ಈ ಕಲಂ ಸೇರಿಸಬಹುದು. ಆಶ್ರಯ ಕೊಟ್ಟವನು, ನೆರವಾದವನು ಇದರಲ್ಲೂ ಇದ್ದಾನೆ. ಹಾಗಾಗಿ ಪಟ್ಟಿಯ ಕೊನೆಯಲ್ಲಿ ನಿಲ್ಲುವ ಹುಡುಗರು ಹೆಚ್ಚಾಗುತ್ತಾರೆ. ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆ ಇರುವ ಕೇಸಿನಲ್ಲಿ ಕಾನೂನು ನೆರವಿನ ವಕೀಲರಿಗೆ ಹತ್ತು ವರ್ಷದ ಅನುಭವ ಇರಬೇಕು, ಸಿದ್ಧತೆಗೆ ಕನಿಷ್ಠ ಏಳು ದಿನ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2019ರ ಅನೋಖಿಲಾಲ್ ತೀರ್ಪಿನಲ್ಲಿ ವಿಧಿಸಿದೆ. ಗ್ಯಾಂಗಿನ ಹಣದಲ್ಲಿ ಬಂದ ವಕಾಲತ್ತಿಗೆ ಸಹಿ ಹಾಕಿದವನಿಗೆ ಈ ಬಾಗಿಲು ತೆರೆದುಕೊಳ್ಳುವುದೇ ಇಲ್ಲ. ಅದಕ್ಕಾಗಿ ಮೊದಲ ರಿಮಾಂಡಿನ ದಿನವೇ ಮ್ಯಾಜಿಸ್ಟ್ರೇಟರು ಪ್ರತಿಯೊಬ್ಬ ಆರೋಪಿಯನ್ನೂ ಉಳಿದವರಿಂದ ದೂರ ನಿಲ್ಲಿಸಿ, ಅವನ ಮಾತಿನಲ್ಲಿ, ಈ ವಕೀಲರನ್ನು ನೀನೇ ಇಟ್ಟುಕೊಂಡದ್ದೋ, ನಿನಗೆ ಬೇರೆಯವರು ಬೇಕೋ ಎಂದು ಕೇಳಿ ಉತ್ತರವನ್ನು ಆದೇಶದಲ್ಲಿ ಬರೆಯಬೇಕು.