ಚಾರ್‌ಮಿನಾರಿನ ಬಾಗಿಲಲ್ಲಿ ಒಂದು ಅಕ್ಷರ

ಮರಾಠವಾಡದ ಸಿಲ್ಲೋಡ್ ಸಂತೆಯಲ್ಲಿ ಓಡಾಡಿದ ರೂಪಾಯಿಯೇ ಕಲಬುರಗಿ, ಬೀದರ್, ರಾಯಚೂರಿನಲ್ಲೂ ಓಡಾಡಿತು. 1956ರ ನವೆಂಬರ್ 1ರಂದು ಮರಾಠವಾಡ ಮುಂಬಯಿ ರಾಜ್ಯಕ್ಕೂ ನಮ್ಮ ಈ ಜಿಲ್ಲೆಗಳು ಮೈಸೂರಿಗೂ ಸೇರುವ ತನಕ ಎಲ್ಲವೂ ಹೈದರಾಬಾದ್ ರಾಜ್ಯವೇ. ನಿಜಾಮರ ಹಾಲಿ ಸಿಕ್ಕಾ, ಅದರಲ್ಲೂ ಚಾರ್‌ಮಿನಾರ್ ಚಿತ್ರದ ಬೆಳ್ಳಿ ರೂಪಾಯಿ, ಈ ಸೀಮೆಯ ಹಳೆಯ ಪೆಟ್ಟಿಗೆಗಳಿಂದ ಇಂದಿಗೂ ಹೊರಬರುತ್ತದೆ. ಅದಕ್ಕೆ ನಾವು ಬೆಲೆ ಕಟ್ಟುವ ರೀತಿ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಸರಾಫರ ಅಂಗಡಿಯಲ್ಲಿ ತಕ್ಕಡಿಯದೇ ಮಾತು. ತೂಕ ತಿಳಿಯಬೇಕಾದ್ದೇ: ಸುಮಾರು 11.18 ಗ್ರಾಂ, ಅದರಲ್ಲಿ ನೂರಕ್ಕೆ 81.8 ಪಾಲು ಬೆಳ್ಳಿ. ಕಲ್ದಾರ್ ಎನಿಸಿಕೊಂಡ ಬ್ರಿಟಿಷ್ ರೂಪಾಯಿ 11.66 ಗ್ರಾಂ, ಬೆಳ್ಳಿ 91.7 ಪಾಲು. ಲೆಕ್ಕ ಹಾಕಿದರೆ ಏಳು ಹಾಲಿ ರೂಪಾಯಿಯ ಬೆಳ್ಳಿ ಆರು ಕಲ್ದಾರಿನ ಬೆಳ್ಳಿಗೆ ಸರಿಹೋಗುತ್ತದೆ. ಆಗಿನ ವಿನಿಮಯ ದರವೂ ಹೆಚ್ಚುಕಡಿಮೆ ಅದೇ. ನಕಲಿಯನ್ನು ಹಿಡಿಯಲು ತೂಕ ನೆರವಾಗುತ್ತದೆ. ಆದರೆ ನಾಣ್ಯ ಅಪರೂಪದ್ದೇ ಎಂದು ಅದು ಹೇಳಲಾರದು.

ಹೇಳುವುದು ಚಾರ್‌ಮಿನಾರಿನ ಬಾಗಿಲು. ಆ ಕಮಾನಿನೊಳಗೆ ಒಂದು ಅರಬ್ಬಿ ಅಕ್ಷರವಿದೆ. ‘ಮೀಮ್’ ಇದ್ದರೆ ನಿಜಾಮ ಮಹಬೂಬ್ ಅಲಿ ಖಾನರ ಕಾಲದ್ದು, ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನರದು. ಮಹಬೂಬರು ತೀರಿಕೊಂಡದ್ದು 1911ರ ಆಗಸ್ಟಿನಲ್ಲಿ, ಅಂದರೆ ಹಿಜರಿ 1329ರಲ್ಲಿ. ಹಾಗಾಗಿ 1329 ಎಂದಿರುವ ರೂಪಾಯಿಗಳಲ್ಲಿ ಎರಡೂ ಅಕ್ಷರ ಸಿಗುತ್ತವೆ. ಹೊಸ ನಿಜಾಮರ ಮೊದಲ ನಾಣ್ಯಗಳಲ್ಲಿ ‘ಐನ್’ ಅರೆಯಾಗಿದೆ. ಅಕ್ಷರ ಪೂರ್ತಿಯಾಗಿ ಕೂತದ್ದು 1330ರಲ್ಲಿ. ಸಂಗ್ರಾಹಕರು ಹುಡುಕುವುದು ಈ ಅರೆ ಐನನ್ನು. ವರ್ಷವನ್ನಷ್ಟೇ ಓದಿ ಅಕ್ಷರವನ್ನು ನೋಡದವರು ಅದನ್ನು ಸಾಮಾನ್ಯ ರೂಪಾಯಿಯ ಬೆಲೆಗೆ ಕೊಟ್ಟುಬಿಡುತ್ತಾರೆ.

ಇನ್ನು ಸ್ಥಿತಿ. ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳಿಸಿದ ನಾಣ್ಯ ಮೇಲ್ಮೈಯನ್ನೇ ಕಳೆದುಕೊಂಡಿರುತ್ತದೆ. ಅದಕ್ಕೆ ಬೆಲೆ ಕುಸಿಯುವುದು ನ್ಯಾಯವೇ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯವನ್ನೂ ಸಂಗ್ರಾಹಕರು ಹಾಗೇ ಪಕ್ಕಕ್ಕಿಡುತ್ತಾರೆ. ಇಲ್ಲಿ ನನ್ನ ತಕರಾರಿದೆ. ಲಂಬಾಣಿ ಹೆಣ್ಣುಮಕ್ಕಳ ಒಡವೆಯಲ್ಲಿ ಬಾಳಿದ ರೂಪಾಯಿ ಹಾಳಾದ ರೂಪಾಯಿಯಲ್ಲ. ಆ ಬೆಸುಗೆ ಅದರ ಚರಿತ್ರೆ. ದರಪಟ್ಟಿಗಳಲ್ಲಿ ಅದಕ್ಕೊಂದು ಅಂಕಣವಿಲ್ಲದಿರುವುದು ದರಪಟ್ಟಿಯ ಕೊರತೆ.

ಅದಕ್ಕಿಂತ ದೊಡ್ಡ ಕೊರತೆ, ನಾಣ್ಯ ಎಲ್ಲಿಂದ ಬಂತೆಂದು ಯಾರೂ ಬರೆದಿಡದಿರುವುದು. ನಾಸಿಕದ ಬಳಿಯ ಜೋಗಲ್‌ಥೆಂಬಿಯಲ್ಲಿ 1906ರಲ್ಲಿ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಎಲ್ಲವೂ ಕ್ಷತ್ರಪ ನಹಪಾನನವು. 9,000ಕ್ಕೂ ಹೆಚ್ಚಿನವುಗಳ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯ ಮರುಮುದ್ರೆ. ಒಟ್ಟಿಗೆ ಇದ್ದುದರಿಂದಲೇ ಗೆದ್ದವರಾರು, ಸೋತವರಾರು ಎಂಬುದು ಅಷ್ಟು ಗಟ್ಟಿಯಾಗಿ ತಿಳಿಯಿತು. ಬಿಡಿಬಿಡಿಯಾಗಿ ಅಂಗಡಿ ಸೇರಿದ್ದರೆ ಒಂದೊಂದೂ ಬರಿಯ ಸರಕು. ಅದೇ ಜಿಲ್ಲೆಯ ಅಂಜನೇರಿಯಲ್ಲಿ ನಾಣ್ಯಶಾಸ್ತ್ರ ಸಂಶೋಧನಾ ಸಂಸ್ಥೆಯೇ ಇದೆ. ಸಂಶಯವಿದ್ದವರು ಅಂಥಲ್ಲಿ ಕೇಳಬೇಕು.

ಮನೆಯಲ್ಲಿ ಚಾರ್‌ಮಿನಾರ್ ರೂಪಾಯಿ ಇದ್ದವರು ಅದನ್ನು ತಿಕ್ಕಬೇಡಿ, ಕೊಂಡಿ ಕೀಳಿಸಬೇಡಿ. ಭೂತಗನ್ನಡಿ ಹಿಡಿದು ಬಾಗಿಲಿನ ಅಕ್ಷರ ನೋಡಿ. ಯಾರ ಕೈಯಿಂದ, ಯಾವ ಊರಿಂದ ಬಂತೆಂದು ಚೀಟಿ ಬರೆದು ಜೊತೆಗಿಡಿ. ಮಾರುವುದಾದರೆ ಆ ಚೀಟಿಯನ್ನೂ ಕೊಡಿ.