ಲುಕ್‌ಔಟ್ ಎಂಬ ತುಂಟ ಎಲೆ

ಡೊನಾಲ್ಡ್ ಎಕ್ಸ್. ವ್ಯಾಕರಿನೊ ರೂಪಿಸಿ 2008ರಲ್ಲಿ ಹೊರಬಂದ ‘ಡೊಮಿನಿಯನ್’ ಎಂಬ ಎಲೆಯಾಟದಲ್ಲಿ ಎಲ್ಲರಿಗೂ ಆರಂಭದ ಆಸ್ತಿ ಒಂದೇ: 7 ತಾಮ್ರ, 3 ಎಸ್ಟೇಟ್. ಈ ಬಡ ಎಲೆಗಳನ್ನು ಕಟ್ಟಿನಿಂದ ಕಳೆದುಕೊಳ್ಳುವುದೇ ಅರ್ಧ ಆಟ. ಅದಕ್ಕೆ ಚಾಪೆಲ್ ಎಂಬ ಎಲೆ ಇದೆ. ಕೈಯಲ್ಲಿರುವುದರಲ್ಲಿ ನಾಲ್ಕರವರೆಗೆ ಆರಿಸಿ ಎಸೆಯಬಹುದು. ಬಲು ದಕ್ಷ, ಸ್ವಲ್ಪ ಸಪ್ಪೆ.

ನನ್ನ ಮನಸ್ಸು ಹೋಗುವುದು 2009ರ ‘ಸೀಸೈಡ್’ ವಿಸ್ತರಣೆಯ ಲುಕ್‌ಔಟ್ ಕಡೆಗೆ. ಬೆಲೆ 3 ನಾಣ್ಯ. ಕಟ್ಟಿನ ಮೇಲಿನ ಮೂರು ಎಲೆ ನೋಡಬೇಕು. ಒಂದನ್ನು ಕಸಕ್ಕೆ ಹಾಕಬೇಕು, ಒಂದನ್ನು ಬಳಸಿದ ಎಲೆಗಳ ರಾಶಿಗೆ ಸೇರಿಸಬೇಕು, ಉಳಿದದ್ದನ್ನು ಮರಳಿ ಮೇಲಿಡಬೇಕು. ಈ ‘ಬೇಕು’ ಎಂಬುದರಲ್ಲೇ ಕುತ್ತು ಅಡಗಿದೆ. ಮೊದಲ ಸುತ್ತುಗಳಲ್ಲಿ ಕಸವೇ ಜಾಸ್ತಿ, ಹೆದರಿಕೆಯಿಲ್ಲ. ಕಟ್ಟು ಚೊಕ್ಕಟವಾದಷ್ಟೂ ಎದೆ ಢವಗುಟ್ಟುತ್ತದೆ. ತಾನು ಗುಡಿಸಿದ ಮನೆಯಲ್ಲೇ ಪೊರಕೆ ಅಪಾಯಕಾರಿಯಾಗುವುದು ಎಂಥ ಸೊಗಸಾದ ಕಿಡಿಗೇಡಿತನ!

ಒಮ್ಮೆ ದುರಾಸೆಯಿಂದ ತಡವಾಗಿ ಆಡಿದೆ. ಚಿನ್ನ, ಚಿನ್ನ, ಪ್ರಾವಿನ್ಸ್. ಆರು ಅಂಕದ ಪ್ರಾವಿನ್ಸನ್ನು ಕಳೆದುಕೊಳ್ಳುವುದುಂಟೇ? ಒಂದು ಚಿನ್ನ ಕಸಕ್ಕೆ ಹೋಯಿತು. ಎದುರು ಕೂತವರು ನಗು ತಡೆಯಲು ಚಹಾದ ಲೋಟ ಎತ್ತಿಕೊಂಡರು.

ಈಗ ಎರಡು ಲುಕ್‌ಔಟ್ ಕೊಳ್ಳುತ್ತೇನೆ. ಕೆಲಸ ಮುಗಿದ ಮೇಲೆ, ಅದೃಷ್ಟವಿದ್ದರೆ, ಒಂದು ಇನ್ನೊಂದನ್ನು ನುಂಗುತ್ತದೆ.